ಬಸ್ಸಕ್ಕ ಬರೆದ ಸಾಲುಗಳು

ಶಾಲೆಯ ಮಕ್ಕಳಿಗೆಲ್ಲ ಅವಳು ಬಸ್ಸಕ್ಕ. ಹಳದಿ ಬಸ್ಸಿನ ಸ್ಟೇರಿಂಗ್ ಹಿಂದೆ ಅಷ್ಟು ವರ್ಷ ಕೂತವಳನ್ನು ಬೇರೆ ಏನೆಂದು ಕರೆದಾರು? ಮಕ್ಕಳು ಕರೆದದ್ದನ್ನೇ ತಾಯಂದಿರು ಕರೆದರು, ಆಮೇಲೆ ತರಕಾರಿ ಅಂಗಡಿಯವನು ಕರೆದ, ಕೊನೆಗೆ ಸಿಟ್ಟು ಬಂದಾಗ ಗಂಡನೂ ಹಾಗೇ ಕರೆಯತೊಡಗಿದ. ಅವಳ ನಿಜವಾದ ಹೆಸರು ಮನೆಯಲ್ಲಿ ಅತ್ತೆಯೊಬ್ಬರ ಬಾಯಲ್ಲಿ ಮಾತ್ರ ಉಳಿದಿತ್ತು, ಅದೂ ಬೈಯುವಾಗ.

ಹತ್ತನೆಯ ತರಗತಿಗೆ ಓದು ಮುಗಿಸಿದ್ದಳು. ಓದು ಬಾರದವಳೇನಲ್ಲ, ಆದರೆ ಅಪ್ಪನ ಕಾಲು ಮುರಿದು ಅವನ ಸಾಮಾನು ಸಾಗಿಸುವ ಗಾಡಿ ಓಡಿಸಲು ಜನ ಬೇಕಾಯಿತು, ಮನೆಯಲ್ಲಿ ಕಾಲು ಪೆಡಲಿಗೆ ಎಟುಕುತ್ತಿದ್ದುದು ಅವಳೊಬ್ಬಳಿಗೇ. ಅಲ್ಲಿಂದ ಶುರುವಾದ ಓಟ ಶಾಲೆಯ ಬಸ್ಸಿನವರೆಗೆ ಬಂತು. ಗೇರು ಬದಲಿಸುವುದು ಅವಳಿಗೆ ಉಸಿರಾಡಿದಷ್ಟೇ ಸಹಜವಾಗಿತ್ತು.

ಒಂದು ಬೆಳಿಗ್ಗೆ ಎಡಗಡೆಯಿಂದ ಬಂದ ಸೈಕಲ್ಲು ಅವಳಿಗೆ ಕಾಣಲೇ ಇಲ್ಲ. ಬಸ್ಸಿನ ಆಯಾ ಕಿರುಚಿದ್ದಕ್ಕೆ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಯಿತು. ಸೈಕಲ್ಲಿನ ಮುದುಕ ಏನೂ ಆಗದವನ ಹಾಗೆ ಬೈದುಕೊಂಡು ಹೋದ. ಬಸ್ಸಕ್ಕ ಮಾತ್ರ ಬಸ್ಸನ್ನು ರಸ್ತೆಯ ಪಕ್ಕಕ್ಕೆ ಹಾಕಿ, ಕೀ ತೆಗೆದು ಆಯಾಳ ಕೈಗೆ ಕೊಟ್ಟು, "ಬೇರೆ ಡ್ರೈವರ್ ಕಳಿಸೋಕೆ ಹೇಳು. ನಾನು ಇನ್ನು ಓಡಿಸಲ್ಲ" ಎಂದಳು. ಕಣ್ಣಿನ ಡಾಕ್ಟರು ಆಮೇಲೆ ಹೇಳಿದ್ದೂ ಅದನ್ನೇ. ಕಣ್ಣಿನೊಳಗಿನ ಒತ್ತಡ ಹೆಚ್ಚಾಗಿ ಎಡಗಡೆಯ ನೋಟ ಅಂಚಿನಿಂದ ಸವೆದಿದೆ. ಹೋದದ್ದು ಬರುವುದಿಲ್ಲ, ಔಷಧಿ ಹಾಕಿದರೆ ಉಳಿದದ್ದು ಉಳಿಯುತ್ತದೆ.

ಶಾಲೆಯವರು ಕೈ ಬಿಡಲಿಲ್ಲ. ಕಂಪ್ಯೂಟರ್ ಲ್ಯಾಬಿನಲ್ಲಿ ಒಂದು ಕುರ್ಚಿ ಕೊಟ್ಟರು. ಬಾಗಿಲು ತೆರೆಯುವುದು, ಧೂಳು ಒರೆಸುವುದು, ಮಕ್ಕಳು ಒಬ್ಬರ ಹೆಡ್‌ಫೋನ್ ಇನ್ನೊಬ್ಬರು ಎಳೆಯದ ಹಾಗೆ ನೋಡಿಕೊಳ್ಳುವುದು. ದೊಡ್ಡ ಬಸ್ಸನ್ನು ಕಿರುಬೆರಳಲ್ಲಿ ತಿರುಗಿಸಿದವಳಿಗೆ ಇಲಿಯಂಥ ಮೌಸಿನ ಧೂಳು ಒರೆಸುವ ಕೆಲಸ. ಮೊದಮೊದಲು ಅವಳು ಮಧ್ಯಾಹ್ನ ಊಟದ ಡಬ್ಬಿ ತೆರೆಯದೆ ಹಾಗೇ ಮನೆಗೆ ತರುತ್ತಿದ್ದಳು.

ಲ್ಯಾಬಿನ ಮೇಷ್ಟ್ರು ಅವಳಿಗಿಂತ ಹತ್ತು ವರ್ಷಕ್ಕಾದರೂ ಚಿಕ್ಕವರು. ಸದಾ ಒಂದು ಶರ್ಟಿನ ತೋಳು ಮಡಚಿ ಇನ್ನೊಂದನ್ನು ಮರೆಯುವವರು. ಒಂದು ದಿನ ಅವರು ಐದನೆಯ ತರಗತಿಯವರಿಗೆ ಮೊದಲ ಪ್ರೋಗ್ರಾಂ ಬರೆಸುತ್ತಿದ್ದರು. ಕೊನೆಯ ಸಾಲಿನಲ್ಲಿ ಒಂದು ಕಂಪ್ಯೂಟರ್ ಖಾಲಿ ಇತ್ತು. ಬಸ್ಸಕ್ಕ ಬಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು ಅದರ ಮುಂದೆ ಕೂತಳು. ಬೋರ್ಡಿನ ಮೇಲಿದ್ದುದನ್ನು ಒಂದೇ ಬೆರಳಿನಿಂದ, ಕೋಳಿ ಕಾಳು ಹೆಕ್ಕಿದ ಹಾಗೆ, ಒಂದೊಂದೇ ಅಕ್ಷರ ಒತ್ತಿದಳು. ಮಕ್ಕಳೆಲ್ಲ ಮುಗಿಸಿ ಗಲಾಟೆ ಮಾಡುತ್ತಿದ್ದಾಗ ಅವಳದಿನ್ನೂ ನಡೆದಿತ್ತು. ಕೊನೆಗೆ ಮೇಷ್ಟ್ರು ಹೇಳಿದ ಗುಂಡಿ ಒತ್ತಿದಳು.

ಪರದೆ ಕೇಳಿತು: ನಿಮ್ಮ ಹೆಸರೇನು?

ಅವಳು ಹಿಂದೆ ತಿರುಗಿ ನೋಡಿದಳು, ಬೇರೆ ಯಾರನ್ನಾದರೂ ಕೇಳಿತೋ ಎಂದು. ಆಮೇಲೆ ಬಸ್ಸಕ್ಕ ಎಂದು ಬರೆದಳು.

ನಮಸ್ಕಾರ ಬಸ್ಸಕ್ಕ, ಎಂದಿತು ಪರದೆ.

ಅವಳ ಮೈ ಜುಮ್ಮೆಂದಿತು. ಯಂತ್ರಗಳು ಅವಳಿಗೆ ಹೊಸತಲ್ಲ. ತುಳಿದರೆ ಓಡುತ್ತವೆ, ಎಳೆದರೆ ನಿಲ್ಲುತ್ತವೆ, ಎಣ್ಣೆ ಹಾಕದಿದ್ದರೆ ಮುನಿಸಿಕೊಳ್ಳುತ್ತವೆ. ಆದರೆ ಅವೆಲ್ಲ ಕೈಕಾಲಿನ ಬಲ ಕೇಳುವ ಯಂತ್ರಗಳು. ಇಲ್ಲಿ ಅವಳು ಏನನ್ನೂ ತುಳಿದಿರಲಿಲ್ಲ. ಬರೀ ಮಾತು ಬರೆದಿದ್ದಳು, ಮಾತು ಎದ್ದು ನಿಂತು ಕೆಲಸ ಮಾಡಿತ್ತು. ಅವಳು ಮತ್ತೊಮ್ಮೆ ಓಡಿಸಿದಳು, ಅತ್ತೆಯ ಹೆಸರು ಕೊಟ್ಟಳು, ಗಂಡನ ಹೆಸರು ಕೊಟ್ಟಳು, ಎದುರಿನ ಕಿಟಕಿಯಲ್ಲಿ ಕೂತಿದ್ದ ಕಾಗೆಯ ಹೆಸರನ್ನೂ ಕೊಟ್ಟಳು. ಎಲ್ಲರಿಗೂ ನಮಸ್ಕಾರ ಸಿಕ್ಕಿತು.

"ಏನಕ್ಕ, ಮನೆಗೆ ಹೋಗಲ್ವಾ?" ಮೇಷ್ಟ್ರು ಬಾಗಿಲಲ್ಲಿ ನಿಂತು ಕೇಳಿದಾಗಲೇ ಲ್ಯಾಬ್ ಖಾಲಿಯಾಗಿರುವುದು ಅವಳಿಗೆ ತಿಳಿದದ್ದು.

"ಮೇಷ್ಟ್ರೇ, ಇದನ್ನ ಕಲಿಯೋಕೆ ಏನು ಓದಿರಬೇಕು?"

"ಕೆಲಸ ಕೊಡೋರು ಏನೇನೋ ಕೇಳ್ತಾರೆ. ಅದು ಮಾತ್ರ ಏನೂ ಕೇಳಲ್ಲ," ಎಂದು ಮೇಷ್ಟ್ರು ಕಂಪ್ಯೂಟರಿನ ಕಡೆ ಗದ್ದ ಚಾಚಿದರು.

ಆ ರಾತ್ರಿಯ ಊಟಕ್ಕೆ ಮೊದಲೇ ಅವಳು ಮನೆಯಲ್ಲಿ ಸುದ್ದಿ ಹೇಳಿದಳು. ಗಂಡ ಮರಗೆಲಸದವನು, ಮಾತು ಕಡಿಮೆ. ಮೇಷ್ಟ್ರು ಕೊಟ್ಟ ಹಳೆಯ ಲ್ಯಾಪ್‌ಟಾಪನ್ನು ಅತ್ತಿತ್ತ ತಿರುಗಿಸಿ ನೋಡಿ, ಮರುದಿನ ಅದಕ್ಕೊಂದು ಮೇಜು ಮಾಡಿದ. ಅವಳ ಎಡಗಣ್ಣಿನ ಅಂಚು ಕಾಣದೆಂದು ಕೂರುವ ಜಾಗವನ್ನೇ ಒಂದಿಷ್ಟು ಓರೆ ಮಾಡಿದ್ದ. ಅತ್ತೆಯ ಬಾಯಿಗೆ ಮಾತ್ರ ಅಂಥ ಮಿತಿ ಇರಲಿಲ್ಲ.

"ಮೊಮ್ಮಕ್ಕಳ ವಯಸ್ಸಿನವರ ಜೊತೆ ಪಾಠ. ಮುದಿ ವಯಸ್ಸಲ್ಲಿ ಹಾಲು ಹಲ್ಲು ಬಂದ ಹಾಗಾಯ್ತು ನಿನ್ನ ಕಥೆ."

"ಬನ್ನಿ ಅತ್ತೆ, ನಿಮ್ಮನ್ನೂ ಮಾತಾಡಿಸುತ್ತೆ."

ಅವಳು ಅತ್ತೆಗಾಗಿಯೇ ಒಂದು ಸಾಲು ಸೇರಿಸಿದ್ದಳು. ಅತ್ತೆ ಕನ್ನಡಕ ಏರಿಸಿ ಓದಿದರು: ಅತ್ತೆ, ಊಟ ಆಯಿತಾ?

"ಇನ್ನೂ ಇಲ್ಲಪ್ಪ, ಸೊಸೆ ಬಡಿಸಿದರೆ ತಾನೇ?" ಎಂದು ಅತ್ತೆ ಪರದೆಗೆ ಉತ್ತರ ಕೊಟ್ಟರು. ಕೊಟ್ಟ ಮೇಲೆ ತಾವೇ ನಾಚಿ, ಸೆರಗಿನಿಂದ ಬಾಯಿ ಒರೆಸಿಕೊಂಡು ಒಳಗೆ ಹೋದರು. ಅಂದಿನಿಂದ ಸೊಸೆ ಬೆಳಗ್ಗೆ ಮೇಜಿನ ಮುಂದೆ ಕೂತರೆ ಒಲೆಯ ಕಡೆ ಅವರೇ ನೋಡಿಕೊಂಡರು. ಬೈಗುಳ ಏನೂ ಕಡಿಮೆಯಾಗಲಿಲ್ಲ.

ಕಲಿಕೆ ಹೂವು ಎತ್ತಿದಷ್ಟು ಸುಲಭವಾಗಿರಲಿಲ್ಲ. ಕೆಲವು ಪಾಠಗಳು ಕಬ್ಬಿಣದ ಕಡಲೆ. ಒಂದು ಕಂಸ ಬಿಟ್ಟುಹೋದರೆ ಪರದೆ ತುಂಬ ಕೆಂಪು ಅಕ್ಷರ. ಒಮ್ಮೆ ಇಡೀ ಭಾನುವಾರ ಒಂದು ತಪ್ಪು ಹುಡುಕಿ, ಸಿಗದೆ, ಕಂಪ್ಯೂಟರೇ ಕೆಟ್ಟಿದೆ ಎಂದು ಮೇಷ್ಟ್ರಿಗೆ ಫೋನ್ ಮಾಡಿದಳು. ಹಿಂದಿನಿಂದ ಅತ್ತೆ, "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಎಂದದ್ದು ಮೇಷ್ಟ್ರಿಗೂ ಕೇಳಿಸಿ ಅವರು ನಕ್ಕರು. ತಪ್ಪು ಅವಳದೇ ಆಗಿತ್ತು. ಒಂದು ಹೆಸರನ್ನು ಒಂದು ಕಡೆ ದೀರ್ಘವಾಗಿ, ಇನ್ನೊಂದು ಕಡೆ ಹ್ರಸ್ವವಾಗಿ ಬರೆದಿದ್ದಳು.

"ಅದಕ್ಕೆ ಅಷ್ಟೂ ಗೊತ್ತಾಗಲ್ವಾ ಮೇಷ್ಟ್ರೇ? ಎರಡೂ ಒಂದೇ ಅಂತ?"

"ಗೊತ್ತಾಗಲ್ಲ ಅಕ್ಕ. ಎತ್ತು ಈಯಿತು ಅಂದ್ರೆ ಕೊಟ್ಟಿಗೆಗೆ ಕಟ್ಟೋದು ಅದರ ಬುದ್ಧಿ. ಯೋಚನೆ ಮಾಡೋದೆಲ್ಲ ನಮ್ಮ ಪಾಲಿಗೇ."

ಆ ಮಾತು ಅವಳನ್ನು ಹಿಡಿದು ನಿಲ್ಲಿಸಿತು. ಅಷ್ಟು ದೊಡ್ಡ ಶಕ್ತಿ, ಸ್ವಂತ ಬುದ್ಧಿಯಿಲ್ಲದೆ, ಯಾರಾದರೂ ಸರಿಯಾಗಿ ಹೇಳಲಿ ಎಂದು ಕಾದು ಕೂತಿದೆ. ಅದಕ್ಕೆ ಹೇಳಲು ಹೊರಟವಳು ತಾನು. ಬೇಸರ ಹೋಗಿ ಒಂದು ಬಗೆಯ ಭಯಭಕ್ತಿ ಬಂತು. ಕೆಂಪು ಅಕ್ಷರಗಳನ್ನು ಅವಳು ಬೈಗುಳವೆಂದು ಓದುವುದನ್ನು ಬಿಟ್ಟಳು. ಎಲ್ಲಿ ಎಡವಿದ್ದೀಯೆಂದು ಅವು ಹೇಳುತ್ತಿದ್ದವು, ಅಷ್ಟೆ.

ಮುಂದಿನ ವರ್ಷ ಅವಳು ತನ್ನದೇ ಒಂದು ಪ್ರೋಗ್ರಾಂ ಮಾಡಿದಳು. ಬಸ್ಸು ಒಂದು ನಿಲ್ದಾಣದಿಂದ ಹೊರಟಾಗ ಆಯಾ ಫೋನಿನಲ್ಲಿ ಒಂದು ಗುಂಡಿ ಒತ್ತಬೇಕು. ಮುಂದಿನ ನಿಲ್ದಾಣದಲ್ಲಿ ಕಾಯುವ ತಂದೆ ತಾಯಿಗೆ, ಬಸ್ಸು ಇನ್ನೆಷ್ಟು ಹೊತ್ತಿಗೆ ಬರುತ್ತದೆಂಬ ಸಂದೇಶ ತಾನಾಗಿ ಹೋಗಬೇಕು. ಬಿಸಿಲಲ್ಲಿ, ಚಳಿಯಲ್ಲಿ ಕುತ್ತಿಗೆ ಉದ್ದ ಮಾಡಿ ನಿಂತ ತಾಯಂದಿರನ್ನು ಅವಳು ಬಸ್ಸಿನ ಮುಂಗಾಜಿನಾಚೆ ಎಷ್ಟು ನೋಡಿರಲಿಲ್ಲ? ಮೇಷ್ಟ್ರು ಅದನ್ನು ಸಾಲು ಸಾಲಾಗಿ ಓದಿ, "ಇಲ್ಲಿ ಮೂಗು ಹಿಡಿಯೋಕೆ ತಲೆ ಸುತ್ತಿ ಕೈ ತಂದಿದ್ದೀರಿ" ಎಂದು ನಾಲ್ಕಾರು ಕಡೆ ತಿದ್ದಿಸಿದರು. ಆಮೇಲೆ, ಇಂಥವನ್ನೆಲ್ಲ ಯಾರು ಬೇಕಾದರೂ ನೋಡುವಂತೆ, ತೆಗೆದುಕೊಳ್ಳುವಂತೆ ಇಡುವ ಒಂದು ಜಾಲತಾಣದಲ್ಲಿ ಇಡಲು ಹೇಳಿದರು.

"ಎಲ್ಲರಿಗೂ ಕಾಣೋ ಹಾಗಾ? ಒಳಲಂಗ ಬೀದಿಯಲ್ಲಿ ಒಣಗಿಸಿದ ಹಾಗಲ್ವಾ ಮೇಷ್ಟ್ರೇ?"

"ಎಲ್ಲರೂ ಒಣಗಿಸ್ತಾರೆ ಅಕ್ಕ. ಇನ್ನೊಬ್ಬರದು ನೋಡಿಯೇ ಎಲ್ಲರೂ ಕಲಿಯೋದು."

ಇಟ್ಟಳು. ಶಾಲೆಯ ಬಸ್ಸಿನಲ್ಲಿ ಪ್ರೋಗ್ರಾಂ ಓಡತೊಡಗಿತು, ತಾಯಂದಿರು ಹೊಗಳಿದರು, ದಿನ ಕಳೆದವು. ಜಾಲತಾಣದಲ್ಲಿ ಇಟ್ಟದ್ದನ್ನು ಅವಳು ಮರೆತೇಬಿಟ್ಟಿದ್ದಳು.

ಹೀಗಿರುವಾಗ ಒಂದು ಬೆಳಿಗ್ಗೆ ಅಲ್ಲಿಂದ ಒಂದು ಸಂದೇಶ ಬಂತು. ಬರೆದವನು ಯಾರೋ, ಯಾವ ದೇಶದವನೋ. ಮುರುಕು ಇಂಗ್ಲಿಷು. ಅವಳದೂ ಮುರುಕೇ ಆದ್ದರಿಂದ ಇಬ್ಬರಿಗೂ ಚೆನ್ನಾಗಿ ಹೊಂದಿತು. ಅವಳು ನಿಘಂಟು ಇಟ್ಟುಕೊಂಡು ಓದಿದಳು. ನಮ್ಮಲ್ಲಿ ರಸ್ತೆ ಇಲ್ಲ. ಮಕ್ಕಳು ದ್ವೀಪದಿಂದ ದ್ವೀಪಕ್ಕೆ ದೋಣಿಯಲ್ಲಿ ಶಾಲೆಗೆ ಹೋಗುತ್ತಾರೆ. ದೋಣಿ ನಡೆಸುವವನು ನಾನು. ನಿಮ್ಮ ಪ್ರೋಗ್ರಾಂ ಹಾಕಿಕೊಂಡಿದ್ದೇವೆ. ಅಲೆ ದೊಡ್ಡದಿದ್ದ ದಿನ ಒಂದು ದ್ವೀಪವನ್ನು ಬಿಟ್ಟು ಮುಂದೆ ಹೋಗಬೇಕಾಗುತ್ತದೆ. ಆಗ ನಿಮ್ಮ ಪ್ರೋಗ್ರಾಂ ಬಿಟ್ಟ ದ್ವೀಪಕ್ಕಾಗಿ ಕಾಯುತ್ತಾ ನಿಂತುಬಿಡುತ್ತದೆ. ಅದನ್ನು ಸರಿ ಮಾಡಿದ್ದೇನೆ, ನೋಡಿ ಸೇರಿಸಿಕೊಳ್ಳಿ. ಅಮ್ಮಂದಿರು ದಡದಲ್ಲಿ ಕಾಯುವುದು ಕಡಿಮೆಯಾಗಿದೆ.

ಜೊತೆಗೊಂದು ಚಿತ್ರ ಇತ್ತು. ಕಿತ್ತಳೆ ಬಣ್ಣದ ತೇಲುವ ಅಂಗಿ ತೊಟ್ಟು, ಚೀಲಗಳನ್ನು ತೊಡೆಯ ಮೇಲಿಟ್ಟುಕೊಂಡು ದೋಣಿಯಲ್ಲಿ ಸಾಲಾಗಿ ಕೂತ ಮಕ್ಕಳು. ಹಿಂದೆ ಎತ್ತ ನೋಡಿದರೂ ನೀರು.

ಬಸ್ಸಕ್ಕ ಆ ಚಿತ್ರದ ಮುಂದೆ ಕೈ ಕಟ್ಟಿ ಕೂತುಬಿಟ್ಟಳು. ಅವಳು ಸಮುದ್ರ ನೋಡಿರಲಿಲ್ಲ. ಈ ಮರದ ಮೇಜಿನ ಮೇಲೆ, ಒಂದೇ ಬೆರಳಿನಿಂದ ಒತ್ತಿದ ಅಕ್ಷರಗಳು ಅವಳಿಗೆ ತಿಳಿಯದಂತೆ ಎದ್ದು, ಊರು ದಾಟಿ, ನೀರು ದಾಟಿ, ಹೆಸರು ಗೊತ್ತಿಲ್ಲದ ಮಕ್ಕಳ ತಾಯಂದಿರನ್ನು ಮಾತಾಡಿಸುತ್ತಿದ್ದವು.

ಅತ್ತೆ ಬಂದು ಹಿಂದೆ ನಿಂತರು. "ಯಾರ ಮಕ್ಕಳೇ ಇವು?"

"ಗೊತ್ತಿಲ್ಲ ಅತ್ತೆ. ನಾನು ಬರೆದಿದ್ದನ್ನ ಇವರು ಇಟ್ಟುಕೊಂಡಿದ್ದಾರಂತೆ."

ಅತ್ತೆ ಬಹಳ ಹೊತ್ತು ನೋಡಿದರು. "ಆ ಕೊನೆಯ ಹುಡುಗಿ ಅಂಗಿಯ ಗುಂಡಿ ಸರಿ ಹಾಕಿಲ್ಲ, ಅವರಮ್ಮನಿಗೆ ಹೇಳು," ಎಂದಷ್ಟೇ ಹೇಳಿ ಹೋದರು.

ದೋಣಿಯವನು ಬರೆದಿದ್ದ ಸಾಲುಗಳನ್ನು ಅವಳು ಓದಿದಳು. ಕೆಲವೇ ಸಾಲು. ಒಂದು ನಿಲ್ದಾಣ ಬಿಟ್ಟುಹೋದರೆ ಏನು ಮಾಡಬೇಕೆಂಬ ಪ್ರಶ್ನೆ ಅವಳಿಗೆ ಹೊಳೆದೇ ಇರಲಿಲ್ಲ. ಅವಳ ಬಸ್ಸು ಯಾವತ್ತೂ ನಿಲ್ದಾಣ ಬಿಟ್ಟದ್ದಿಲ್ಲವಲ್ಲ. ಸಾಲುಗಳನ್ನು ಸೇರಿಸಿಕೊಂಡು, ಬಿಟ್ಟ ನಿಲ್ದಾಣದವರಿಗೆ ಹೋಗುವ ಸಂದೇಶವನ್ನು ತನ್ನ ಊರಿಗೆ ತಕ್ಕಂತೆ ಬರೆದು, ಅವನಿಗೆ ಧನ್ಯವಾದ ಬರೆದಳು. ಹುಡುಗಿಯ ಗುಂಡಿಯ ವಿಷಯವನ್ನೂ ಬರೆದಳು.

ಅದಾಗಿ ಸ್ವಲ್ಪ ಕಾಲಕ್ಕೆ ಅವಳ ಊರಿನಲ್ಲೇ ಸೇತುವೆಯ ಪಕ್ಕದ ರಸ್ತೆ ಕುಸಿಯಿತು. ಮಕ್ಕಳನ್ನು ಮನೆಗೆ ಬಿಡುವ ಹೊತ್ತು. ಹೊಸ ಡ್ರೈವರು ಬಸ್ಸನ್ನು ಸುತ್ತುದಾರಿಗೆ ತಿರುಗಿಸಿದ, ನಡುವಿನ ನಿಲ್ದಾಣಗಳು ಬಿಟ್ಟುಹೋದವು. ಲ್ಯಾಬಿನಲ್ಲಿ ಕೂತಿದ್ದ ಬಸ್ಸಕ್ಕನಿಗೆ ಫೋನಿನಲ್ಲಿ ಸುದ್ದಿ ಬಂತು. ಅವಳು ಪರದೆಯನ್ನೇ ನೋಡಿದಳು. ಪ್ರೋಗ್ರಾಂ ನಿಲ್ಲಲಿಲ್ಲ. ಆಯಾ ಮುಂದಿನ ಗುಂಡಿ ಒತ್ತಿದಾಗ, ಬಿಟ್ಟ ನಿಲ್ದಾಣದವರಿಗೆ ಬಸ್ಸು ಇಲ್ಲಿಗೆ ಬರುವುದಿಲ್ಲ, ಮುಂದಿನ ನಿಲ್ದಾಣಕ್ಕೆ ಬನ್ನಿ ಎಂಬ ಸಂದೇಶ ಹೋಯಿತು. ತಂದೆ ತಾಯಿಗಳು ಅಲ್ಲಿಗೆ ನಡೆದು ಬಂದು ಮಕ್ಕಳನ್ನು ಕರೆದೊಯ್ದರು. ಒಂದು ಮಗುವೂ ದಾರಿಯಲ್ಲಿ ಒಂಟಿಯಾಗಲಿಲ್ಲ.

ಎಲ್ಲರೂ ಬಸ್ಸಕ್ಕನನ್ನು ಹೊಗಳಿದರು. ಅವಳು, "ನಾನಲ್ಲ, ದೋಣಿಯವನು," ಎಂದರೆ ಯಾರಿಗೂ ತಲೆಬುಡ ಅರ್ಥವಾಗಲಿಲ್ಲ. ಎಲ್ಲೋ ಒಬ್ಬ ಮನುಷ್ಯ ತನ್ನ ಸಮುದ್ರದ ಅಲೆಗೆ ಹೆದರಿ ಬರೆದದ್ದು ಇಲ್ಲಿ ಕುಸಿದ ರಸ್ತೆಯ ಮಕ್ಕಳನ್ನು ಕಾಯಿತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಲ್ಲ. ಅವಳಿಗೆ ಅಂದು ಊಟ ಸೇರಲಿಲ್ಲ, ಆದರೆ ಅದು ದುಃಖಕ್ಕಲ್ಲ.

"ಈಗ ಕೆಲಸ ಹುಡುಕಿ ಅಕ್ಕ," ಎಂದರು ಮೇಷ್ಟ್ರು.

ಹುಡುಕಿದಳು. ಅಲ್ಲಿ ಗೋಡೆ ಎದುರಾಯಿತು. ಯಾವ ಕಂಪನಿಯ ಅರ್ಜಿ ತೆರೆದರೂ ಪದವಿ ಯಾವುದು ಎಂಬ ಜಾಗ ತುಂಬದೆ ಮುಂದಿನ ಪುಟವೇ ತೆರೆಯುತ್ತಿರಲಿಲ್ಲ. ಕಂಪ್ಯೂಟರು ಕೇಳದ ಸರ್ಟಿಫಿಕೇಟನ್ನು ಕಂಪ್ಯೂಟರಿನ ಕಂಪನಿಗಳು ಮೊದಲು ಕೇಳುತ್ತಿದ್ದವು. ದೇವರು ಕೊಟ್ಟರೂ ಪೂಜಾರಿ ಕೊಡ ಎಂದು ಅತ್ತೆ ಗೊಣಗಿದರು. ಒಂದೆರಡು ಕಡೆ ಮಾತಿಗೆ ಕರೆದು, ವಯಸ್ಸು ನೋಡಿ, ಚಹಾ ಕುಡಿಸಿ ಕಳಿಸಿದರು. ಬಸ್ಸಕ್ಕ ಎದೆಗುಂದಿದ ದಿನಗಳೂ ಇದ್ದವು. ಆದರೂ ಬೆಳಗ್ಗೆ ಎದ್ದು ಮೇಜಿನ ಮುಂದೆ ಕೂರುವುದನ್ನು ಬಿಡಲಿಲ್ಲ.

ಊರಿನ ನೀರು ಸರಬರಾಜು ಕಚೇರಿಯವರ ಜಾಹೀರಾತನ್ನು ತಂದದ್ದು ಗಂಡ. ಅಲ್ಲಿ ಬಾಗಿಲು ಕೂರಿಸಲು ಹೋದವನು ಗೋಡೆಯ ಮೇಲೆ ಓದಿ ಬಂದಿದ್ದ. ನಿಯಂತ್ರಣ ಕೊಠಡಿಗೆ ಪ್ರೋಗ್ರಾಂ ಬರೆಯುವ ಒಬ್ಬರು ಬೇಕು. ಪದವಿ, ಇಲ್ಲವೇ ಮಾಡಿದ ಕೆಲಸ ತೋರಿಸಬೇಕು. "ಇಲ್ಲವೇ ಅಂತ ಬರೆದಿದ್ದಾರೆ," ಎಂದ ಗಂಡ. ಆ ವಾರದಲ್ಲಿ ಅವನಾಡಿದ ಅತಿ ಉದ್ದದ ಮಾತು ಅದಿರಬೇಕು.

ಅಲ್ಲಿನ ಮುಖ್ಯಸ್ಥೆಯನ್ನು ಎಲ್ಲರೂ ಮೇಡಂ ಎನ್ನುತ್ತಿದ್ದರು. ನರೆಗೂದಲನ್ನು ಗಿಡ್ಡವಾಗಿ ಕತ್ತರಿಸಿಕೊಂಡ, ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡೇ ಹುಡುಕುವ ಹೆಂಗಸು. ಅವರು ಬಸ್ಸಕ್ಕನ ಪ್ರೋಗ್ರಾಂ ತೆರೆದು, ಅವಳನ್ನು ಪಕ್ಕದಲ್ಲೇ ಕೂರಿಸಿಕೊಂಡು ಓದಿದರು.

"ಇದು ಯಾಕೆ ಹೀಗೆ ಬರೆದ್ರಿ?"

ಬಸ್ಸಕ್ಕ ಹೇಳಿದಳು.

"ಇಲ್ಲಿ ಒಂದೇ ಸಲ ಸಾವಿರ ಬಸ್ಸು ಬಂದ್ರೆ ಏನಾಗುತ್ತೆ?"

"ಗೊತ್ತಿಲ್ಲ ಮೇಡಂ. ನಮ್ಮದು ಒಂದೇ ಬಸ್ಸು."

ಮೇಡಂ ಹಾಳೆ ತೆಗೆದು ಏನಾಗುತ್ತದೆಂದು ಚಿತ್ರ ಬರೆದು ತೋರಿಸಿದರು. ಬಸ್ಸಕ್ಕನಿಗೆ ತಾನು ಕೆಲಸ ಕೇಳಲು ಬಂದವಳೆಂಬುದೇ ಮರೆತುಹೋಯಿತು. "ಹಾಗಾದ್ರೆ ಅದು ಹೇಗೆ ಮೇಡಂ, ಇದು ಹೇಗೆ," ಎಂದು ಅವಳೇ ಪ್ರಶ್ನೆ ಕೇಳಿದಳು. ಮೇಡಂ ಉತ್ತರ ಹೇಳುತ್ತಾ ಹೋದರು, ಅವರ ಮುಖ ಅರಳುತ್ತಾ ಹೋಯಿತು.

"ಈ ಭಾಗ ಚೆನ್ನಾಗಿದೆ," ಎಂದು ಒಂದು ಕಡೆ ಬೆರಳಿಟ್ಟರು.

"ಅದು ನನ್ನದಲ್ಲ ಮೇಡಂ," ಎಂದು ಬಸ್ಸಕ್ಕ ದೋಣಿಯವನ ಕಥೆ ಹೇಳಿದಳು.

ಮೇಡಂ ಪೆನ್ಸಿಲ್ ಕೆಳಗಿಟ್ಟರು. "ಕಲಿಯೋದು ಬಹಳ ಇದೆ ನಿಮಗೆ. ಹೇಳಿಕೊಡೋಕೆ ನಮಗೂ ಬೇಸರ ಇಲ್ಲ. ಆರು ತಿಂಗಳು ನೋಡೋಣ, ಬನ್ನಿ."

ಮೊದಲ ದಿನ ಮೇಡಂ ಅವಳನ್ನು ನಿಯಂತ್ರಣ ಕೊಠಡಿಗೆ ಕರೆದೊಯ್ದರು. ಬೆಳಕು ಇನ್ನೂ ಸರಿಯಾಗಿ ಹರಿದಿರಲಿಲ್ಲ. ತಣ್ಣನೆಯ ಕೋಣೆ, ಜೇನುಗೂಡಿನಂತೆ ಒಂದೇ ಸಮನೆ ಗುಂಯ್ ಎನ್ನುವ ಸದ್ದು, ಗೋಡೆಯಗಲ ಪರದೆ. ಅದರ ಮೇಲೆ ಒಂದೇ ಒಂದು ಹಸಿರು ಗೆರೆ ತಳದಲ್ಲಿ ಮಲಗಿತ್ತು.

"ಇದು ಊರು," ಎಂದರು ಮೇಡಂ. "ಈ ಕ್ಷಣಕ್ಕೆ ಎಲ್ಲ ನಲ್ಲಿಗಳಿಂದ ಹರೀತಿರೋ ನೀರು ಇಷ್ಟು."

ನೋಡುತ್ತಿದ್ದಂತೆ ಗೆರೆ ಸಣ್ಣಗೆ ನಡುಗಿತು. ಎಲ್ಲೋ ಯಾರೋ ಎದ್ದರು. ಮತ್ತೊಂದು ನಡುಕ. ಆಮೇಲೆ ಗೆರೆ ಮೆಲ್ಲಗೆ ಮೇಲೇಳತೊಡಗಿತು, ಮಲಗಿದ ದೊಡ್ಡ ಪ್ರಾಣಿಯೊಂದು ಬೆನ್ನು ಎತ್ತಿದ ಹಾಗೆ. ಮುಖ ತೊಳೆಯುವವರು, ಅಕ್ಕಿ ತೊಳೆಯುವವರು, ಮಗುವಿಗೆ ಸ್ನಾನ ಮಾಡಿಸುವವರು, ಆಸ್ಪತ್ರೆಯಲ್ಲಿ ಕೈ ತೊಳೆಯುವ ನರ್ಸು, ಬಾಗಿಲು ಮುಚ್ಚಿಕೊಂಡು ಅಳುವುದು ಕೇಳಿಸದಿರಲೆಂದು ನಲ್ಲಿ ಬಿಟ್ಟವರು. ಎಲ್ಲರೂ ಸೇರಿ ಒಂದು ಗೆರೆ. ಒಬ್ಬರಿಗೊಬ್ಬರು ಗೊತ್ತಿಲ್ಲದವರು ಒಟ್ಟಾಗಿ ಒಂದು ಬೆಟ್ಟವನ್ನು ಎತ್ತುತ್ತಿದ್ದರು.

"ಇದೇನು ಮೇಡಂ, ನಿನ್ನೆ ಸಂಜೆಯ ಕಡೆ ಈ ಉಬ್ಬು?"

"ಟಿವಿಯಲ್ಲಿ ಆಟ ಇತ್ತು. ಮಧ್ಯೆ ವಿರಾಮ ಕೊಟ್ಟಾಗ ಊರೆಲ್ಲ ಒಟ್ಟಿಗೆ ಎದ್ದು ಬಚ್ಚಲಿಗೆ ಹೋಯ್ತು."

ಇಬ್ಬರೂ ನಕ್ಕರು. ನಗುತ್ತಲೇ ಬಸ್ಸಕ್ಕನ ಕಣ್ಣು ಒದ್ದೆಯಾಯಿತು.

ಅವಳ ಮೊದಲ ಕೆಲಸ ಎಚ್ಚರಿಕೆಯ ಗಂಟೆಗೆ ಸಂಬಂಧಿಸಿದ್ದು. ಯಾವುದಾದರೂ ಬಡಾವಣೆಯ ನೀರಿನ ಒತ್ತಡ ಥಟ್ಟನೆ ಇಳಿದರೆ ಕೂಡಲೇ ತಿಳಿಯಬೇಕು. ಬರೆದಳು, ಪರೀಕ್ಷಿಸಿದೆನೆಂದುಕೊಂಡಳು, ಒತ್ತಿದಳು. ಕ್ಷಣದಲ್ಲಿ ಪರದೆ ತುಂಬ ಕೆಂಪು ದೀಪ, ಊರಿನ ಪಂಪ್‌ಹೌಸುಗಳಿಂದೆಲ್ಲ ಫೋನು. ದಶಮಾಂಶದ ಚುಕ್ಕಿಯೊಂದನ್ನು ತಪ್ಪು ಜಾಗದಲ್ಲಿಟ್ಟು ಅವಳು ಇಡೀ ಊರಿಗೆ ನೀರಿಲ್ಲವೆಂದು ಸಾರಿದ್ದಳು. ಮೇಡಂ ಬಂದು ಹಿಂದಿನದನ್ನು ಮರಳಿ ಹಾಕಿ, ಫೋನುಗಳಿಗೆ ಒಂದೊಂದಾಗಿ ಸಮಾಧಾನ ಹೇಳಿ, ಆಮೇಲೆ ಅವಳ ಕಡೆ ತಿರುಗಿದರು.

"ನಾನು ಸೇರಿದ ವರ್ಷ ಅರ್ಧ ಊರಿಗೆ ಇಡೀ ದಿನ ನೀರೇ ಬಿಟ್ಟಿರಲಿಲ್ಲ. ನಿಮ್ಮದು ಬರೀ ಗಂಟೆ. ಚುಕ್ಕಿ ಎಲ್ಲಿ ಹೋಯ್ತು ನೋಡಿ."

ನೋಡಿದಳು. ತಿದ್ದಿದಳು. ಈ ಸಲ ಹತ್ತು ಬಗೆಯಲ್ಲಿ ಪರೀಕ್ಷಿಸಿದಳು. ಒಂದು ಚುಕ್ಕಿಗೆ ಅಷ್ಟು ಜನರನ್ನು ಎಬ್ಬಿಸುವ ಶಕ್ತಿಯಿದೆ ಎಂಬುದು ಅವಳನ್ನು ಎಷ್ಟೋ ದಿನ ಬಿಡಲಿಲ್ಲ. ಗುಂಡಿ ಒತ್ತುವ ಮೊದಲು ಒಂದು ಕ್ಷಣ ಕೈ ತಡೆಯುವುದು ಅಂದಿನಿಂದ ಅವಳ ಅಭ್ಯಾಸವಾಯಿತು.

ಆರು ತಿಂಗಳು ಮುಗಿದು ಕೆಲಸ ಕಾಯಂ ಆಯಿತು. ಅದಾದ ಮೇಲೊಂದು ಬೆಳಿಗ್ಗೆ ಗಂಟೆ ಮೊಳಗಿತು, ಈ ಸಲ ನಿಜವಾಗಿ. ಆಸ್ಪತ್ರೆಯ ಕಡೆಗೆ ಹೋಗುವ ದೊಡ್ಡ ಪೈಪು ರಸ್ತೆಯಡಿ ಒಡೆದಿತ್ತು. ಮೇಲೆ ಇನ್ನೂ ಒಂದು ಹನಿ ಕಾಣಿಸಿರಲಿಲ್ಲ, ಯಾರೂ ದೂರು ಕೊಟ್ಟಿರಲಿಲ್ಲ. ಕೆಲಸದವರ ಗಾಡಿ ಹೊರಟಿತು, ಬೇರೆ ದಾರಿಯ ವಾಲ್ವು ತೆರೆದರು. ಆಸ್ಪತ್ರೆಯ ಟ್ಯಾಂಕು ಖಾಲಿಯಾಗಲಿಲ್ಲ. ಒಳಗಿದ್ದವರಿಗೆ ಏನು ನಡೆಯಿತೆಂದು ಗೊತ್ತೇ ಆಗಲಿಲ್ಲ.

ಬಸ್ಸಕ್ಕ ಪರದೆಯ ಮುಂದೆ ನಿಂತಿದ್ದಳು. ಕುಸಿದಿದ್ದ ಒತ್ತಡದ ಗೆರೆ ತಳ ಮುಟ್ಟಿ, ಒಂದಿಷ್ಟು ತಡವರಿಸಿ, ಮತ್ತೆ ಮೇಲೇರತೊಡಗಿತ್ತು.

"ಊಟಕ್ಕೆ ಹೋಗಿ, ಆಯ್ತಲ್ಲ," ಎಂದರು ಮೇಡಂ, ಬಾಗಿಲಲ್ಲಿ ನಿಂತು.

"ಹೋಗ್ತೀನಿ ಮೇಡಂ. ಇನ್ನೂ ಸ್ವಲ್ಪ ಹೊತ್ತು ನೋಡ್ತೀನಿ."

ಮೇಡಂ ಹೋಗಲಿಲ್ಲ. ಒಳಗೆ ಬಂದು, ಅವಳಿಗೆ ಕಾಣುವಂತೆ ಬಲಗಡೆ ನಿಂತು, ಅವರೂ ನೋಡಿದರು.